ಗಾಜಿನಾಚೆ ನಿಂತ ಕೆಂಪು ಚುಕ್ಕಿ

ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಈ ನೋಟ ಗೊತ್ತು. ಒಳಗೆ ದೀಪ ಉರಿಯುತ್ತಿರುತ್ತದೆ, ಹೊರಗೆ ಕತ್ತಲು. ಕಿಟಕಿ ಗಾಜಿನಲ್ಲಿ ಮೂಡಿದ ದೀಪದ ಬಿಂಬ ಹೊರಗಿನ ಹೊಲದ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಹೊಲವೂ ಕಾಣುತ್ತದೆ, ದೀಪವೂ ಕಾಣುತ್ತದೆ, ಒಂದರ ಮೇಲೊಂದು. ಆದರೆ ತಲೆಯನ್ನು ಕೊಂಚ ಆಚೀಚೆ ಆಡಿಸಿದರೆ ಸಾಕು, ಬಿಂಬ ಒಂದು ಮರದಿಂದ ಇನ್ನೊಂದು ಮರಕ್ಕೆ ಜಾರಿಬಿಡುತ್ತದೆ. ಆ ಜಾರಾಟವನ್ನು ನಿಲ್ಲಿಸಲು ಸಾಧ್ಯವಾದರೆ, ತಲೆ ಎತ್ತ ಸರಿದರೂ ದೀಪ ಅದೇ ಮರದ ಮೇಲೇ ನಿಂತರೆ, ಆ ಗಾಜಿನ ತುಂಡು ಬಂದೂಕಿಗೆ ಗುರಿ ತೋರಿಸುವ ಸಾಧನವಾಗುತ್ತದೆ. ಇಂದು ರೆಡ್ ಡಾಟ್ ಎಂದೂ ರಿಫ್ಲೆಕ್ಸ್ ಸೈಟ್ ಎಂದೂ ಕರೆಯುವುದು ಇದನ್ನೇ.

ಇದನ್ನು ಮೊದಲು ಸಾಧಿಸಿದವರು ಬಂದೂಕು ಮಾಡುವವರಲ್ಲ, ದೂರದರ್ಶಕ ಮಾಡುವವರು. ಐರ್ಲೆಂಡಿನ ಡಬ್ಲಿನ್ ನಗರದ ರಾತ್‌ಮೈನ್ಸ್‌ನಲ್ಲಿ ಕಾರ್ಖಾನೆ ಇಟ್ಟಿದ್ದ ಹೊವರ್ಡ್ ಗ್ರಬ್ 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಪ್ಪ ಥಾಮಸ್ ಗ್ರಬ್ ಕಾಲದಿಂದಲೂ ಆ ಮನೆತನದ ಕಸುಬು ನಕ್ಷತ್ರ ನೋಡುವ ಕೊಳವೆಗಳನ್ನು ಕಟ್ಟುವುದು. ವಿಯೆನ್ನಾದ 27 ಅಂಗುಲದ ದೂರದರ್ಶಕ ಅವರದು. ನಮಗೆ ಹತ್ತಿರದ ಹೈದರಾಬಾದಿನ ಬೇಗಂಪೇಟೆಯಲ್ಲಿ, ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ನಿಜಾಮಿಯಾ ವೀಕ್ಷಣಾಲಯಕ್ಕೆ ಬಂದ 15 ಅಂಗುಲದ ದೂರದರ್ಶಕವೂ ಗ್ರಬ್ ಅವರದೇ.

ಗ್ರಬ್ ಯೋಚಿಸಿದ ದಾರಿ ಬಲು ಸೊಗಸಾದದ್ದು. ಕೋವಿಯ ನಳಿಗೆಯಿಂದ ಒಂದು ಬೆಳಕಿನ ಕೋಲನ್ನು ಗುರಿಯ ಮೇಲೆ ಚೆಲ್ಲಲು ಸಾಧ್ಯವಿದ್ದರೆ, ಬೆಳಕು ಬಿದ್ದಲ್ಲೇ ಗುಂಡು ಬೀಳುವಂತೆ ಜೋಡಿಸಬಹುದಲ್ಲವೇ ಎಂದು ಅವರು ಕೇಳಿಕೊಂಡರು. ಅಂದಿನ ದೀಪಗಳಲ್ಲಿ ಅದು ಆಗದ ಮಾತು. ಹಾಗಾದರೆ ಬೆಳಕನ್ನು ನಿಜವಾಗಿ ಅಲ್ಲಿಗೆ ಕಳಿಸುವುದೇ ಬೇಡ, ಅಲ್ಲಿ ಬಿದ್ದಂತೆ ಗುರಿಕಾರನ ಕಣ್ಣಿಗೆ ಮಾತ್ರ ಕಂಡರೆ ಸಾಕು ಎಂಬಲ್ಲಿಗೆ ಅವರು ಬಂದು ಮುಟ್ಟಿದರು. 1901ರಲ್ಲಿ ರಾಯಲ್ ಡಬ್ಲಿನ್ ಸೊಸೈಟಿಯ ಪ್ರಬಂಧ ಸಂಪುಟದಲ್ಲಿ ಇದನ್ನು ವಿವರಿಸಿ ಬರೆದರು.

ಗ್ರಬ್ ಬಗೆಹರಿಸಿದ ಕಷ್ಟವನ್ನು ನಮ್ಮ ಕಾಲೇಜುಗಳ ಎನ್‌ಸಿಸಿ ಕೆಡೆಟ್‌ಗಳೆಲ್ಲ ಅನುಭವಿಸಿರುತ್ತಾರೆ. ರೇಂಜಿನಲ್ಲಿ ಮಕಾಡೆ ಮಲಗಿ .22 ರೈಫಲ್ಲಿನ ಹಿಡಿಯನ್ನು ಭುಜಕ್ಕೆ ಒತ್ತಿಕೊಂಡಾಗ ಕಣ್ಣು ಮೂರನ್ನು ಒಂದೇ ಗೆರೆಗೆ ತರಬೇಕು: ಹತ್ತಿರದ ಬ್ಯಾಕ್‌ಸೈಟ್, ನಳಿಗೆಯ ತುದಿಯ ಫೋರ್‌ಸೈಟ್, ದೂರದ ಟಾರ್ಗೆಟ್. ಮೂರೂ ಮೂರು ದೂರದಲ್ಲಿವೆ. ಕಣ್ಣಿನ ಮಸೂರ ಒಂದು ಗಳಿಗೆಯಲ್ಲಿ ಒಂದು ದೂರಕ್ಕೆ ಮಾತ್ರ ಸ್ಪಷ್ಟವಾಗಿ ಹೊಂದಿಕೊಳ್ಳಬಲ್ಲದು. ಆದ್ದರಿಂದಲೇ ಹವಾಲ್ದಾರರು ಫೋರ್‌ಸೈಟ್ ಟಿಪ್ ಸ್ಪಷ್ಟವಾಗಿರಲಿ, ಟಾರ್ಗೆಟ್ ಮಸುಕಾದರೂ ಚಿಂತೆಯಿಲ್ಲ ಎಂದು ಹೇಳಿಕೊಡುವುದು. ಹದಿನೆಂಟರ ಕಣ್ಣಿಗೆ ಇದು ಕಷ್ಟ. ಚಾಳೀಸು ಬಂದವರಿಗಂತೂ ಫೋರ್‌ಸೈಟೇ ಹೊಗೆಯಂತೆ ಕಾಣುತ್ತದೆ. ಹೀಗೆ ನೋಡಬೇಕಾದ ವಸ್ತುವನ್ನೇ ಮಸುಕಾಗಿಸಿಕೊಂಡು ಗುಂಡು ಹಾರಿಸುವುದು ನೂರಾರು ವರ್ಷ ನಡೆದುಬಂದ ಪದ್ಧತಿ. ಆ ಅಭ್ಯಾಸದಿಂದ ಅದ್ಭುತ ಗುರಿಕಾರರು ಹುಟ್ಟಿದ್ದಾರೆ. ಆದರೂ ಅದು ಕಣ್ಣಿಗೆ ಒಗ್ಗದ ಕೆಲಸ ಎನ್ನುವುದು ಸುಳ್ಳಲ್ಲ.

ರಿಫ್ಲೆಕ್ಸ್ ಸೈಟ್ ಈ ಮೂರನ್ನು ಒಂದು ಮಾಡುತ್ತದೆ. ಒಂದು ಪುಟ್ಟ ಬೆಳಕಿನ ಬಿಂದುವನ್ನು ಒಳಬಾಗಿದ ಕನ್ನಡಿಯ ನಾಭಿಯಲ್ಲಿ ಇಟ್ಟರೆ, ಕನ್ನಡಿಗೆ ತಾಕಿ ಹಿಂದಿರುಗುವ ಕಿರಣಗಳೆಲ್ಲ ಒಂದಕ್ಕೊಂದು ಸಮಾನಾಂತರವಾಗಿ ಹೊರಡುತ್ತವೆ. ನಕ್ಷತ್ರದ ಬೆಳಕು ಭೂಮಿಗೆ ಬರುವುದೂ ಹೀಗೆಯೇ. ಹಾಗಾಗಿ ಕಣ್ಣು ಆ ಬಿಂದುವನ್ನು ಅಂಗೈ ದೂರದ ಗಾಜಿನ ಮೇಲಿದೆ ಎಂದು ತಿಳಿಯುವುದಿಲ್ಲ, ಬಹು ದೂರದಲ್ಲಿದೆ ಎಂದೇ ತಿಳಿಯುತ್ತದೆ. ಗುರಿಯೂ ದೂರದಲ್ಲಿದೆ, ಚುಕ್ಕಿಯೂ ದೂರದಲ್ಲಿದೆ. ಎರಡೂ ಒಟ್ಟಿಗೇ ಸ್ಪಷ್ಟ. ದೂರದರ್ಶಕ ಕಟ್ಟುವವನಿಗೇ ಇದು ಹೊಳೆದದ್ದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುತ್ತದೆ. ನಕ್ಷತ್ರದ ಸಮಾನಾಂತರ ಕಿರಣಗಳನ್ನು ಒಂದು ಬಿಂದುವಿಗೆ ಕೂಡಿಸುವುದು ಅವರ ದಿನನಿತ್ಯದ ಕೆಲಸ. ಬಂದೂಕಿಗೆ ಬೇಕಾದದ್ದು ಅದನ್ನೇ ತಿರುವುಮುರುವು ಮಾಡಿದ್ದು.

ತಲೆ ಸರಿದರೂ ಚುಕ್ಕಿ ಜಾರದ ಗುಟ್ಟು ಕೂಡ ಈ ಸಮಾನಾಂತರದಲ್ಲೇ ಇದೆ. ಗಾಜಿನ ಕಿಂಡಿ ಎರಡು ಸೆಂಟಿಮೀಟರ್ ಅಗಲವಿದೆ ಎನ್ನೋಣ. ಕಣ್ಣು ನಡುವಿನಿಂದ ಪಕ್ಕಕ್ಕೆ ಸರಿದು ಕಿಂಡಿಯ ಅಂಚಿಗೇ ಬಂದರೂ ನೋಟದ ಗೆರೆ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಓರೆಯಾಗುವುದಿಲ್ಲ. ಹತ್ತು ಮೀಟರಿನಲ್ಲೂ ತಪ್ಪು ಒಂದು ಸೆಂಟಿಮೀಟರ್, ನೂರು ಮೀಟರಿನಲ್ಲೂ ಅಷ್ಟೇ. ಹಳೆಯ ಎರಡು ಸೈಟುಗಳ ಪದ್ಧತಿಯಲ್ಲಿ ಕಣ್ಣು ಒಂದು ಮಿಲಿಮೀಟರ್ ತಪ್ಪಿದರೆ ಆ ಓರೆ ದೂರ ಹೋದಂತೆ ಬೆಳೆಯುತ್ತಲೇ ಹೋಗುತ್ತದೆ. ವ್ಯತ್ಯಾಸ ಇರುವುದು ಇಲ್ಲಿ. ಆದರೆ ಅಂಗಡಿಯವರು ಹೇಳುವಂಥ, ದೋಷವೇ ಇಲ್ಲದ ಗಾಜು ಅಂತ ಇಲ್ಲ. ಬಾಗಿದ ಗಾಜಿನ ಅಂಚಿನಲ್ಲಿ ಕಿರಣಗಳು ಪೂರ್ತಿ ಸಮಾನಾಂತರವಾಗಿ ಉಳಿಯುವುದಿಲ್ಲ, ಅಗ್ಗದ ಸೈಟಿನಲ್ಲಿ ಇನ್ನೂ ಹೆಚ್ಚು ಕೆಡುತ್ತವೆ. ಚುಕ್ಕಿಯನ್ನು ಆದಷ್ಟೂ ಕಿಂಡಿಯ ನಡುವಿಗೆ ತಂದುಕೊಳ್ಳುವ ಅಭ್ಯಾಸ ಇದ್ದರೆ ಒಳ್ಳೆಯದು.

ಗ್ರಬ್ ಅವರ ಆಲೋಚನೆಗೆ ಮೊದಲು ನೆಲೆ ಸಿಕ್ಕಿದ್ದು ಆಕಾಶದಲ್ಲಿ. ವಿಮಾನದಲ್ಲಿ ಕೂತ ಪೈಲಟ್‌ಗೆ ಕೆನ್ನೆಯನ್ನು ಯಾವ ಹಿಡಿಗೂ ಒತ್ತಿಕೊಳ್ಳಲಾಗುವುದಿಲ್ಲ, ತಲೆ ಅಲುಗುತ್ತಲೇ ಇರುತ್ತದೆ. 1918ರಲ್ಲಿ ಬರ್ಲಿನ್ನಿನ ಓಯ್‌ಗೀ ಕಂಪನಿಯ ಸೈಟುಗಳನ್ನು ಜರ್ಮನ್ ಯುದ್ಧವಿಮಾನಗಳಲ್ಲಿ ಪರೀಕ್ಷಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸ್ಪಿಟ್‌ಫೈರ್, ಹರಿಕೇನ್‌ಗಳಲ್ಲಿ ಬಾರ್ ಅಂಡ್ ಸ್ಟ್ರೌಡ್ ಕಂಪನಿಯ ಸೈಟ್, ಜರ್ಮನ್ನರ ಮೆಸರ್‌ಶ್ಮಿಟ್‌ಗಳಲ್ಲಿ ರೇವಿ ಸೈಟ್ ಕೂತಿದ್ದವು. ಬಲ್ಬಿನ ಬೆಳಕು ಓರೆಗಾಜಿಗೆ ತಾಕಿ ಪೈಲಟ್ಟಿನ ಮುಂದಿನ ಆಕಾಶದಲ್ಲಿ ಒಂದು ಉಂಗುರ, ನಡುವೊಂದು ಚುಕ್ಕಿ ಮೂಡಿಸುತ್ತಿತ್ತು. ಬ್ರಿಟಿಷ್ ಸೈಟಿನಲ್ಲಿ ಎದುರಾಳಿ ವಿಮಾನದ ರೆಕ್ಕೆಯ ಅಗಲಕ್ಕೆ ಡಯಲನ್ನು ಮೊದಲೇ ತಿರುಗಿಸಿ ಇಟ್ಟುಕೊಂಡರೆ ಅದು ಎಷ್ಟು ದೂರದಲ್ಲಿದೆ ಎಂಬ ಅಂದಾಜೂ ಸಿಗುತ್ತಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ವಿಮಾನದ ಪೈಲಟ್ ಮುಂದೆ ಹಸಿರು ಗೆರೆ, ಅಂಕಿಗಳನ್ನು ಮೂಡಿಸುವ ಗಾಜಿನ ಫಲಕ ಇದೇ ವಂಶದ ಕುಡಿ. ಅದನ್ನು ಅಭಿವೃದ್ಧಿಪಡಿಸಿದ್ದು ಚಂಡೀಗಢದ ಸಿಎಸ್‌ಐಒ ಪ್ರಯೋಗಾಲಯ.

ಆಕಾಶದಿಂದ ಇಳಿದು ಭುಜದ ಮೇಲೆ ಕೂರಲು ಮಾತ್ರ ಬಹಳ ಕಾಲ ಹಿಡಿಯಿತು. ಯುದ್ಧ ಮುಗಿಯುತ್ತಿದ್ದಂತೆ ಅಮೆರಿಕದ ಇಲಿನಾಯ್ ರಾಜ್ಯದ ಸ್ವೇನ್ ನೆಲ್ಸನ್ ಕಂಪನಿ ನೈಡಾರ್ ಎಂಬ ಹೆಸರಿನಲ್ಲಿ ತೋಟಾ ಕೋವಿಗೆ ಕೂರಿಸುವ ಸೈಟ್ ಮಾರಾಟಕ್ಕೆ ತಂದಿತು. ಬ್ಯಾಟರಿ ಇಲ್ಲ, ಬಲ್ಬೂ ಇಲ್ಲ. ಮೇಲಿನಿಂದ ಬೀಳುವ ಹಗಲಿನ ಬೆಳಕೇ ಉಂಗುರವನ್ನೂ ಚುಕ್ಕಿಯನ್ನೂ ಬೆಳಗಬೇಕು. ಬೆಳಗಿನ ಜಾವ, ಮುಸ್ಸಂಜೆ, ಮರದ ನೆರಳು ಇದ್ದಲ್ಲಿ ಚುಕ್ಕಿ ಕಾಣುವುದೇ ಕಷ್ಟ. ಬೇಟೆಗಾರರಿಗೆ ಬೇಕಾದ ಹೊತ್ತು ಅದೇ!

ಮುಂದೆ ಇನ್ನೊಂದು ವಿಚಿತ್ರ ಬಗೆ ಬಂತು. ಮುಂಭಾಗ ಪೂರ್ತಿ ಮುಚ್ಚಿದ ಕೊಳವೆ. ಅದರೊಳಗೆ ನೋಡಿದರೆ ಗುರಿ ಕಾಣುವುದೇ ಇಲ್ಲ, ಕತ್ತಲಲ್ಲಿ ಒಂದು ಚುಕ್ಕಿ ಮಾತ್ರ. ಎರಡೂ ಕಣ್ಣು ತೆರೆದುಕೊಂಡರೆ ಬಲಗಣ್ಣಿನ ಚುಕ್ಕಿ ಎಡಗಣ್ಣಿನ ನೋಟದ ಮೇಲೆ ಕೂರುತ್ತದೆ. ಕೂರಿಸುವುದು ಮಿದುಳು. 1970ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಸೋನ್ ತೇ ಸೆರೆಶಿಬಿರದ ಮೇಲೆ ರಾತ್ರಿ ದಾಳಿ ಮಾಡಿದ ಅಮೆರಿಕನ್ ಸೈನಿಕರ ಬಂದೂಕುಗಳಲ್ಲಿ ಈ ಬಗೆಯ ಸೈಟ್ ಇತ್ತು. ಎರಡು ಕಣ್ಣುಗಳ ನೋಟ ಪೂರ್ತಿ ಹೊಂದದವರಿಗೆ ಚುಕ್ಕಿ ಪಕ್ಕಕ್ಕೆ ಕೂರುವ ತೊಂದರೆ ಇದರಲ್ಲಿ ಉಂಟು.

ಕೊನೆಗೆ ದಾರಿ ಮಾಡಿಕೊಟ್ಟದ್ದು ಎಲ್‌ಇಡಿ. 1962ರಲ್ಲಿ ನಿಕ್ ಹಾಲನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ಮಾಡಿ ತೋರಿಸಿದ್ದರು. ಸ್ವೀಡನ್ನಿನ ಜಾನ್ ಎಕ್‌ಸ್ಟ್ರಾಂಡ್ ಅವರ ವಿನ್ಯಾಸ ಹಿಡಿದು ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಎಲ್‌ಇಡಿ ಚುಕ್ಕಿಯ ಸೈಟನ್ನು ಮಾರುಕಟ್ಟೆಗೆ ತಂದಿತು. ಸ್ವೀಡನ್ನಿನಲ್ಲೇ ಯಾಕೆ ಎಂದರೆ ಅಲ್ಲಿನ ಮೂಸ್ ಬೇಟೆ. ಕುದುರೆಗಿಂತ ಎತ್ತರದ ಆ ಕಡವೆ ಜಾತಿಯ ಪ್ರಾಣಿಯನ್ನು ಕಾಡಿನಿಂದ ಹೊರಗೆಬ್ಬಿಸಿದಾಗ, ಮರಗಳ ನಡುವಿನ ಸಣ್ಣ ಬಯಲನ್ನು ಅದು ದಾಟುವ ಎರಡು ಮೂರು ಸೆಕೆಂಡಿನಲ್ಲಿ ಗುರಿ ಹಿಡಿಯಬೇಕು. ದೂರದರ್ಶಕ ಸೈಟಿನ ಕಿರಿದಾದ ನೋಟದಲ್ಲಿ ಪ್ರಾಣಿಯನ್ನು ಹುಡುಕುವಷ್ಟರಲ್ಲಿ ಅದು ಹೋಗಿಯೇ ಬಿಟ್ಟಿರುತ್ತದೆ. ಹತ್ತಿರದ, ಓಡುವ ಗುರಿ, ಎರಡು ಕಣ್ಣೂ ತೆರೆದಿರಬೇಕಾದ ಸಂದರ್ಭ: ಚುಕ್ಕಿ ಸೈಟಿನ ನಿಜವಾದ ತವರು ಅದು. ಸೇನೆಗಳು ಆಮೇಲೆ ಬಂದವು. ಅಮೆರಿಕದ ಸೇನೆ ಏಮ್‌ಪಾಯಿಂಟ್ ಸೈಟನ್ನು ದೊಡ್ಡ ಪ್ರಮಾಣದಲ್ಲಿ ಒಪ್ಪಿಕೊಂಡಿದ್ದು 1997ರಲ್ಲಿ. ನಮ್ಮ ವಿಶೇಷ ಪಡೆಗಳ ಕೈಯಲ್ಲಿ ಕಾಣುವ ಇಸ್ರೇಲಿನ ಟೇವರ್ ರೈಫಲ್ಲುಗಳಲ್ಲಿ ಕೆಲವದರ ಮೇಲೆ ಚುಕ್ಕಿಗೆ ಬ್ಯಾಟರಿಯೇ ಬೇಡದ ಇನ್ನೊಂದು ಬಗೆ ಇದೆ. ಹಗಲು ಫೈಬರ್ ಎಳೆ ಹೊರಗಿನ ಬೆಳಕನ್ನು ಹೀರಿ ಚುಕ್ಕಿ ಬೆಳಗಿಸುತ್ತದೆ, ರಾತ್ರಿ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ. ಟ್ರಿಟಿಯಂ ಪ್ರಮಾಣ ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧಕ್ಕೆ ಇಳಿಯುವುದರಿಂದ ಚುಕ್ಕಿಯೂ ಅಷ್ಟೇ ನಿಧಾನವಾಗಿ ಮಂಕಾಗುತ್ತ ಹೋಗುತ್ತದೆ.

ಇಂದಿನ ಒಂದು ತೆರೆದ ಸೈಟನ್ನು ಕೈಯಲ್ಲಿ ಹಿಡಿದು ನೋಡಿ. ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನಲ್ಲ. ಹಿಂದಿನ ಬುಡದಲ್ಲಿ ಎಲ್‌ಇಡಿ ಹುದುಗಿದ ಸಣ್ಣ ರಂಧ್ರ. ಮುಂದೆ ಚೌಕಟ್ಟಿನೊಳಗೆ ಒಂದಿಷ್ಟು ವಾಲಿ ನಿಂತ ಬಾಗಿದ ಗಾಜು. ಗಾಜಿಗೆ ತೆಳುವಾದ ಲೇಪನ ಇರುತ್ತದೆ, ಅದು ಎಲ್‌ಇಡಿಯ ಕೆಂಪನ್ನು ಮಾತ್ರ ಕಣ್ಣಿನ ಕಡೆಗೆ ಹಿಂದಿರುಗಿಸಿ ಉಳಿದ ಬಣ್ಣಗಳನ್ನು ಹಾಯಲು ಬಿಡುತ್ತದೆ. ಕೆಂಪಿನ ಒಂದು ಪಾಲು ಹೀಗೆ ಕಳೆದುಹೋಗುವುದರಿಂದ ಗಾಜಿನ ಮೂಲಕ ಜಗತ್ತು ತುಸು ನೀಲಿಯಾಗಿ ಕಾಣುತ್ತದೆ, ಮುಂದಿನಿಂದ ನೋಡಿದರೆ ಗಾಜು ಕೆಂಪಗೆ ಮಿನುಗುತ್ತದೆ. ಚುಕ್ಕಿ ಗುರಿಯ ಮೇಲೆ ಬಿದ್ದ ಬೆಳಕಲ್ಲ. ಸಿನಿಮಾಗಳಲ್ಲಿ ಖಳನ ಎದೆಯ ಮೇಲೆ ಓಡಾಡುವ ಕೆಂಪು ಚುಕ್ಕಿ ಲೇಸರ್‌ನದು. ಈ ಚುಕ್ಕಿ ಹಿಂದೆ ನಿಂತವನ ಕಣ್ಣಿಗಲ್ಲದೆ ಬೇರೆ ಎಲ್ಲೂ ಇಲ್ಲ.

ಚುಕ್ಕಿಯ ಗಾತ್ರವನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ನೂರು ಮೀಟರಿನಲ್ಲಿ ಒಂದು ಎಂಒಎ ಸುಮಾರು 2.9 ಸೆಂಟಿಮೀಟರ್ ಆಗುತ್ತದೆ. ಮೂರು ಎಂಒಎ ಚುಕ್ಕಿ ನೂರು ಮೀಟರಿನಲ್ಲಿ ಒಂಬತ್ತು ಸೆಂಟಿಮೀಟರಿನಷ್ಟು ಜಾಗವನ್ನು ಮುಚ್ಚುತ್ತದೆ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಕಾಯಿ ಮೂವತ್ತು ಮೀಟರ್ ದೂರದಲ್ಲಿದೆ ಎಂದುಕೊಂಡರೆ ಅದೇ ಚುಕ್ಕಿ ಕಾಯಿಯ ಮೇಲೆ ಎರಡೂವರೆ ಸೆಂಟಿಮೀಟರ್ ಮಾತ್ರ ಮುಚ್ಚುತ್ತದೆ, ಕಾಯಿ ಸುತ್ತಲೂ ಧಾರಾಳವಾಗಿ ಕಾಣುತ್ತದೆ. ಅಷ್ಟು ಹತ್ತಿರದ ಕೆಲಸಕ್ಕೆ ದೊಡ್ಡ ಚುಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ. ದೂರದ ನಿಖರತೆಗೆ ಸಣ್ಣದೇ ಬೇಕು.

ಸೈಟ್ ಕೊಂಡು ಕೂರಿಸಿದ ಮಾತ್ರಕ್ಕೆ ಗುಂಡು ಚುಕ್ಕಿ ಇದ್ದಲ್ಲಿಗೆ ಹೋಗುವುದಿಲ್ಲ. ನಳಿಗೆ ಕೆಳಗಿದೆ, ಸೈಟ್ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಮೇಲಿದೆ. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಭೂಮಿಯ ಸೆಳೆತಕ್ಕೆ ಇಳಿಯತೊಡಗುತ್ತದೆ. ಆದ್ದರಿಂದ ನಳಿಗೆಯನ್ನು ನೋಟದ ಗೆರೆಗಿಂತ ತುಸು ಮೇಲ್ಮುಖವಾಗಿ ಹೊಂದಿಸಿ ಗುಂಡಿನ ದಾರಿಯೂ ನೋಟದ ಗೆರೆಯೂ ಒಂದು ದೂರದಲ್ಲಿ ಕೂಡುವಂತೆ ಮಾಡಬೇಕು. ಇದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ. ಪರವಾನಗಿ ಇರುವ ರೇಂಜಿನಲ್ಲಿ ರೈಫಲ್ಲನ್ನು ಮರಳಿನ ಚೀಲದ ಮೇಲೆ ಊರಿ, 25 ಅಥವಾ 50 ಮೀಟರಿನ ಕಾಗದಕ್ಕೆ ಮೂರು ಈಡು ಹೊಡೆಯುವುದು. ಮೂರೂ ಒಂದೆಡೆ ಗುಂಪಾಗಿ ಬಿದ್ದಿದ್ದರೆ, ಆ ಗುಂಪಿನ ನಡುವಿನಿಂದ ಗುರಿಯ ನಡುವಿಗೆ ಎಷ್ಟು ದೂರ ಎಂದು ಅಳೆಯುವುದು. ಮೂರೂ ದಿಕ್ಕಾಪಾಲಾಗಿದ್ದರೆ ತಿರುಪನ್ನು ಮುಟ್ಟಲೇಬಾರದು, ತಪ್ಪು ಹಿಡಿತದ್ದೋ ಉಸಿರಿನದ್ದೋ ಸಡಿಲ ಸ್ಕ್ರೂವಿನದ್ದೋ ಆಗಿರುತ್ತದೆ. ಒಂದು ಎಂಒಎ ತಿರುಪಿದ್ದರೆ ಪ್ರತಿ ಟಿಕ್ ಸದ್ದಿಗೆ 25 ಮೀಟರಿನಲ್ಲಿ ಗುಂಡು ಏಳು ಮಿಲಿಮೀಟರ್ ಸರಿಯುತ್ತದೆ. ಗುಂಡು ಬಲಕ್ಕೆ ಹೋಗಲಿ ಎಂದು ತಿರುಗಿಸಿದಾಗ ಕಿಂಡಿಯೊಳಗೆ ಚುಕ್ಕಿ ಎಡಕ್ಕೆ ಹೋಗುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ. ಎಡಕ್ಕೆ ಹೋದ ಚುಕ್ಕಿಯನ್ನು ಮತ್ತೆ ಗುರಿಯ ಮೇಲೆ ತರಲು ನೀವು ನಳಿಗೆಯನ್ನೇ ಬಲಕ್ಕೆ ತಿರುಗಿಸುತ್ತೀರಿ, ಅಲ್ಲಿಗೆ ಲೆಕ್ಕ ಸರಿಯಾಯಿತು.

ಹೀಗೆ 50 ಮೀಟರಿಗೆ ಹೊಂದಿಸಿದ ರೈಫಲ್ಲಿನಲ್ಲಿ ಐದು ಮೀಟರಿನ ಗುರಿಗೆ ಹೊಡೆದರೆ ಗುಂಡು ಚುಕ್ಕಿಗಿಂತ ನಾಲ್ಕು ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಸೈಟ್ ಕೆಟ್ಟಿಲ್ಲ, ಗೆರೆಗಳು ಅಲ್ಲಿ ಇನ್ನೂ ಕೂಡಿಲ್ಲ ಅಷ್ಟೆ. ಒಮ್ಮೆ ಹೊಂದಿಸಿದ್ದು ಶಾಶ್ವತವೂ ಅಲ್ಲ. ಇದರ ಸೋದರ ಸಂಬಂಧಿಯಾದ, ಲೇಸರ್ ಬಳಸುವ ಹಾಲೋಗ್ರಾಫಿಕ್ ಸೈಟಿನಲ್ಲಿ ಬಿಸಿಲು ಚಳಿಗೆ ಗುರಿ ಸರಿಯುತ್ತದೆ ಎಂಬ ವಿಷಯದಲ್ಲಿ 2015ರಲ್ಲಿ ಅಮೆರಿಕದ ಎಲ್-3 ಕಂಪನಿ ಅಲ್ಲಿನ ಸರ್ಕಾರದೊಂದಿಗೆ 2.56 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಯಾವ ಸೈಟೇ ಇರಲಿ, ಋತು ಬದಲಾದಾಗ, ಬಿದ್ದಾಗ, ಬಿಚ್ಚಿ ಕೂರಿಸಿದಾಗ ಮತ್ತೆ ಕಾಗದಕ್ಕೆ ಹೊಡೆದು ನೋಡದೆ ನಂಬಬಾರದು.

ತೋಟಾ ಕೋವಿಯ ಸಂಗತಿ ಬೇರೆಯೇ. ಅದರಿಂದ ಹೊರಡುವುದು ಒಂದು ಗುಂಡಲ್ಲ, ನೂರಾರು ಚರೆಗಳ ಗುಂಪು. ಮೇಲೆ ಇರುವುದು ಸಾಮಾನ್ಯವಾಗಿ ನಳಿಗೆಯ ತುದಿಯ ಒಂದು ಮಣಿ ಮಾತ್ರ. ಹಿಂದಿನ ಸೈಟಿನ ಕೆಲಸ ಮಾಡುವುದು ಗುರಿಕಾರನ ಕಣ್ಣೇ. ಕೆನ್ನೆ ಪ್ರತಿ ಸಲ ಹಿಡಿಯ ಮೇಲೆ ಅದೇ ಜಾಗದಲ್ಲಿ ಕೂತರೆ ಕಣ್ಣು ಅದೇ ಜಾಗದಲ್ಲಿರುತ್ತದೆ. ಈ ಅವಲಂಬನೆಯನ್ನು ಚುಕ್ಕಿ ತಪ್ಪಿಸುತ್ತದೆ ನಿಜ. ಆದರೆ ಹಾರುವ ಗುರಿಯ ಲೆಕ್ಕ ಅದಕ್ಕೆ ಗೊತ್ತಿಲ್ಲ. 110 ಮಿಲಿಮೀಟರ್ ಅಗಲದ ಮಣ್ಣಿನ ತಟ್ಟೆ ಮೂವತ್ತು ಮೀಟರ್ ದೂರದಲ್ಲಿ ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಅಡ್ಡ ಹಾಯುತ್ತಿದೆ ಎನ್ನಿ. ಚರೆಗಳು ಅಲ್ಲಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಅಷ್ಟರಲ್ಲಿ ತಟ್ಟೆ ಎರಡು ಮೀಟರ್ ಮುಂದೆ ಹೋಗಿರುತ್ತದೆ. ಚುಕ್ಕಿಯನ್ನು ತಟ್ಟೆಯ ಮೇಲಿಟ್ಟು ಕುದುರೆ ಎಳೆದವನು ಪ್ರತಿ ಸಲವೂ ಹಿಂದಕ್ಕೇ ಹೊಡೆಯುತ್ತಾನೆ. ತಟ್ಟೆಯ ಮುಂದಿನ ಖಾಲಿ ಆಕಾಶಕ್ಕೆ ಹೊಡೆಯಬೇಕು, ಕೋವಿಯ ಓಟ ನಿಲ್ಲಲೂ ಬಾರದು. ಯುದ್ಧವಿಮಾನದವರಿಗೂ ಇದೇ ಸಮಸ್ಯೆ ಇತ್ತು. ಅವರು ಸೈಟಿನೊಳಗೆ ಗೈರೋ ಕೂರಿಸಿ ಯಂತ್ರದ ಕೈಯಲ್ಲೇ ಲೆಕ್ಕ ಹಾಕಿಸಿದರು. ಭುಜದ ಕೋವಿಯಲ್ಲಿ ಆ ಲೆಕ್ಕ ಹಾಕಬೇಕಾದ್ದು ತೋಳು ಮತ್ತು ಅಭ್ಯಾಸ.

ಹಾಗಾಗಿ ಹಾರುವ ತಟ್ಟೆಗೆ ಚುಕ್ಕಿ ಸೈಟ್ ಅಗತ್ಯವಿಲ್ಲ ಎಂದೇ ನನ್ನ ನಿಲುವು. ಕಲಿಯುವವರಿಗೆ ತಮ್ಮ ಕೋವಿ ನಿಜಕ್ಕೂ ಎತ್ತ ನೋಡುತ್ತಿದೆ ಎಂದು ತೋರಿಸಲು ಕೆಲವು ದಿನ ಉಪಯೋಗವಾದೀತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವೂ ಒಲಿಂಪಿಕ್ಸ್‌ನ ಶಾಟ್‌ಗನ್ ಸ್ಪರ್ಧೆಗಳಲ್ಲಿ ಬೆಳಕು ಹೊಮ್ಮಿಸುವ, ನೋಟವನ್ನು ಹೆಚ್ಚಿಸುವ ಸಾಧನಗಳಿಗೆ ಅವಕಾಶ ಕೊಟ್ಟಿಲ್ಲ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದದ್ದು ಇಂಥ ಯಾವ ನೆರವೂ ಇಲ್ಲದೆ. ಆದರೆ ಅದೇ ಕೋವಿಯಲ್ಲಿ ಚರೆಯ ಬದಲು ಒಂಟಿ ಗುಂಡಿನ ತೋಟಾ ಹಾಕಿ ನಿಂತ ಗುರಿಗೆ ಹೊಡೆಯುವವರಿಗೆ ಮಣಿಗಿಂತ ಚುಕ್ಕಿ ಎಷ್ಟೋ ಪಾಲು ಮೇಲು. ಕೂರಿಸುವಾಗ ಎತ್ತರ ನೋಡಿಕೊಳ್ಳಬೇಕು. ಸೈಟ್ ಎತ್ತರವಾದರೆ ಕೆನ್ನೆ ಹಿಡಿಯಿಂದ ಮೇಲೇಳುತ್ತದೆ, 12 ಬೋರಿನ ಒದೆತ ನೇರ ದವಡೆಗೆ ತಗಲುತ್ತದೆ. ಆ ಒದೆತಕ್ಕೆ ಅಗ್ಗದ ಸೈಟಿನ ಸ್ಕ್ರೂಗಳೂ ಸಡಿಲಾಗುತ್ತವೆ.

ಈ ಸಾಧನ ಒಂದು ಕೆಲಸವನ್ನು ಅದ್ಭುತವಾಗಿ ಮಾಡುತ್ತದೆ: ಕಣ್ಣನ್ನು ಕಬ್ಬಿಣದ ತುಂಡುಗಳಿಂದ ಬಿಡಿಸಿ ಗುರಿಯ ಮೇಲೆ ಇಡುತ್ತದೆ. ಆ ಗುರಿ ಏನು ಎಂದು ಮಾತ್ರ ಅದು ಹೇಳಲಾರದು. ದೂರದರ್ಶಕ ಸೈಟಿನಂತೆ ಇದು ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ, ಕತ್ತಲನ್ನು ಬೆಳಕು ಮಾಡುವುದೂ ಇಲ್ಲ. ತೋಟಕ್ಕೆ ನುಗ್ಗಿದ ಕಾಡುಹಂದಿ ಎಂದು ತಿಳಿದು ಮನುಷ್ಯರಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆ ಓದುಗರಿಗೆ ಹೊಸದಲ್ಲ. ಅಲ್ಲಿ ಕೈ ತಪ್ಪಿರುವುದಿಲ್ಲ, ಗುರಿ ಸರಿಯಾಗಿಯೇ ಇರುತ್ತದೆ. ಪೊದೆಯ ಅಲುಗಾಟಕ್ಕೆ ಚುಕ್ಕಿ ಕೂರಿಸುವುದು ಈಗ ಇನ್ನೂ ಸುಲಭವಾಗಿದೆ ಎಂಬುದೇ ನನಗಿರುವ ಆತಂಕ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಈ ದೇಶದಲ್ಲಿ ಬೇಟೆಯೆಂಬ ಹವ್ಯಾಸಕ್ಕೆ ಜಾಗವೇ ಉಳಿದಿಲ್ಲ. ಪರವಾನಗಿ ಕೋವಿ ಇಟ್ಟುಕೊಂಡವರು ಈ ಸೈಟನ್ನು ಬಳಸಬೇಕಾದ್ದು ಹಗಲಿನಲ್ಲಿ, ರೇಂಜಿನಲ್ಲಿ, ಗುಂಡು ತಡೆಯುವ ಮಣ್ಣಿನ ದಿಬ್ಬ ಹಿಂದೆ ಇರುವಲ್ಲಿ.

ನಮ್ಮ ಹವಾಮಾನಕ್ಕೆ ಸಂಬಂಧಿಸಿದ ಒಂದು ಮಾತೂ ಇದೆ. ತೆರೆದ ಸೈಟಿನಲ್ಲಿ ಎಲ್‌ಇಡಿಗೂ ಗಾಜಿಗೂ ನಡುವೆ ಬರೀ ಗಾಳಿ. ಮಡಿಕೇರಿ, ಆಗುಂಬೆಗಳ ಆಷಾಢದ ಮಳೆಯಲ್ಲಿ ಒಂದೇ ಹನಿ ಆ ರಂಧ್ರದ ಮೇಲೆ ಕೂತರೂ ಚುಕ್ಕಿ ಒಡೆದು ಹರಡುತ್ತದೆ, ಇಲ್ಲವೇ ಮಾಯವಾಗುತ್ತದೆ. ಅಂಥ ಕಡೆಗೆ ಎರಡೂ ಬದಿ ಗಾಜಿರುವ ಮುಚ್ಚಿದ ಸೈಟೇ ಸರಿ. ಬ್ಯಾಟರಿಯ ಚಿಂತೆ ಈಗ ಅಷ್ಟಿಲ್ಲ, ಒಳ್ಳೆಯ ಸೈಟುಗಳು ಒಂದು ಗುಂಡಿ ಬ್ಯಾಟರಿಯಲ್ಲಿ ಐದು ವರ್ಷ ಉರಿಯುತ್ತವೆ ಎಂದು ತಯಾರಕರು ಹೇಳುತ್ತಾರೆ. ಆದರೂ ಕಬ್ಬಿಣದ ಹಳೆಯ ಸೈಟುಗಳನ್ನು ಕಿತ್ತುಹಾಕದಿರುವುದು ಜಾಣತನ. ಪ್ರಕಾಶವನ್ನು ಕಣ್ಣಿಗೆ ಕಾಣುವಷ್ಟಕ್ಕೆ ಇಳಿಸಿಕೊಳ್ಳಬೇಕು. ಹೆಚ್ಚು ಮಾಡಿದರೆ ಚುಕ್ಕಿ ಉಬ್ಬಿ ಗುರಿಯನ್ನೇ ನುಂಗುತ್ತದೆ.

ಇಳಿಸಿದ ಮೇಲೂ ಚುಕ್ಕಿ ದುಂಡಗೆ ಕಾಣದೆ ಬಾಲವಿರುವ ಅಲ್ಪವಿರಾಮದಂತೆಯೋ ಚೆದುರಿದ ನಕ್ಷತ್ರದಂತೆಯೋ ಕಂಡರೆ ಸೈಟನ್ನು ವಾಪಸ್ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಕೋವಿ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಅಥವಾ ಸೈಟನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಹಿಂದೆ ಮೊಬೈಲ್ ಕ್ಯಾಮೆರಾ ಹಿಡಿದು ದೂರದ ಗೋಡೆಗೆ ಫೋಕಸ್ ಮಾಡಿ ಒಂದು ಫೋಟೊ ತೆಗೆಯಿರಿ. ಫೋಟೊದಲ್ಲಿ ಚುಕ್ಕಿ ದುಂಡಗಿದ್ದರೆ ಗಾಜಿನಲ್ಲಿ ಏನೂ ತೊಂದರೆ ಇಲ್ಲ. ನಿಮ್ಮ ಕಣ್ಣಿನ ಹೊರಪೊರೆಯ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಇದು ತೀರಾ ಸಾಮಾನ್ಯವಾದ ದೋಷ, ಕನ್ನಡಕದಿಂದ ಸರಿಹೋಗುವಂಥದ್ದು. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ, ಈ ದೋಷದ ಅಳತೆಯಾದ ಸಿಲಿಂಡರ್ ಪವರ್ ಎಷ್ಟಿದೆ ನೋಡಿ ಎಂದು ಕೇಳಿ.